ಇನ್ಸೆಕ್ಟ್ ಬಾಕ್ಸ್ ಒಪ್ಪಿಸಿದ ಸೆಮಿಸ್ಟರ್

ಕೃಷಿ ಪದವಿ ಓದುವವರಿಗೆ ಸೆಮಿಸ್ಟರಿನ ಕೊನೆ ಅಂದರೆ ಬರೀ ಪರೀಕ್ಷೆ ಅಲ್ಲ. ಪರೀಕ್ಷೆ ಆಮೇಲೆ ಬರುತ್ತದೆ. ಅದಕ್ಕೆ ಮೊದಲು ಒಪ್ಪಿಸಬೇಕಾದದ್ದು ರಾಶಿ ಇರುತ್ತದೆ. ಪ್ರತಿ ವಿಷಯದ ಪ್ರಾಕ್ಟಿಕಲ್ ರೆಕಾರ್ಡ್, ಕಳೆ ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿದ ಹರ್ಬೇರಿಯಂ, ಮಣ್ಣು ಪರೀಕ್ಷೆಯ ಲೆಕ್ಕಗಳು, ಗುಂಪಿನ ಸೆಮಿನಾರ್, ನಮ್ಮ ಪಾಲಿಗೆ ಬಂದ ತಾಕಿನ ಬೆಳೆಯ ಅಳತೆಗಳು. ಇವೆಲ್ಲದರ ಮೇಲೆ ಕೀಟಶಾಸ್ತ್ರದ ಇನ್ಸೆಕ್ಟ್ ಬಾಕ್ಸ್. ನಾನು ಓದಿದ್ದು ಬೆಂಗಳೂರಿನ ಜಿಕೆವಿಕೆಯಲ್ಲಿ, ಅಂದರೆ ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ. ಇಲ್ಲಿ ಬರೆಯುತ್ತಿರುವುದು ಎರಡನೇ ವರ್ಷದ ಮೊದಲ ಸೆಮಿಸ್ಟರಿನ ಕೊನೆಯ ವಾರಗಳ ಬಗ್ಗೆ. ಅದರಲ್ಲೂ ಆ ಪೆಟ್ಟಿಗೆಯ ಬಗ್ಗೆ ಜಾಸ್ತಿ.

"ಅಗ್ರಿ ತಾನೇ? ಆರಾಮ ಅಲ್ವಾ?" ಅಂತ ಮದುವೆ ಮನೆಗಳಲ್ಲಿ ಕೇಳುವವರು ಇನ್ನೂ ಇದ್ದಾರೆ. ನಮ್ಮಲ್ಲಿ ಒಂದೊಂದು ವಿಷಯದ ಮುಂದೆಯೂ 2+1, 1+1 ಅಂತ ಬರೆದಿರುತ್ತದೆ. ಮೊದಲನೆಯದು ಥಿಯರಿಯ ಕ್ರೆಡಿಟ್, ಎರಡನೆಯದು ಪ್ರಾಕ್ಟಿಕಲ್‌ನದು. ಕಾಗದದ ಮೇಲೆ ಆ ಒಂದು ಕ್ರೆಡಿಟ್ ಚಿಕ್ಕದಾಗಿ ಕಾಣುತ್ತದೆ. ಅದರ ಹಿಂದೆ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗುವುದು, ಕಳೆ ತೆಗೆಯುವುದು, ಗಿಡದ ಎತ್ತರ ಅಳೆಯುವುದು, ಬಂದು ರೆಕಾರ್ಡ್ ಬರೆಯುವುದು ಎಲ್ಲ ಸೇರಿರುತ್ತದೆ. ವಿಷಯಗಳು ಬೇರೆ ಏಳೆಂಟು. ಮಿಡ್‌ಟರ್ಮ್ ಮುಗಿದು ಉಸಿರು ಬಿಡುವಷ್ಟರಲ್ಲಿ ಫೈನಲ್ ಪ್ರಾಕ್ಟಿಕಲ್‌ಗಳ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಿರುತ್ತದೆ.

ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 1964ರಲ್ಲಿ. ಬಳ್ಳಾರಿ ರಸ್ತೆಯ ಪಕ್ಕ ಕೆಂಪು ಮಣ್ಣಿನ ದೊಡ್ಡ ಕ್ಯಾಂಪಸ್. ಹಾಸ್ಟೆಲ್‌ನಿಂದ ಕ್ಲಾಸಿಗೆ, ಕ್ಲಾಸಿನಿಂದ ಹೊಲಕ್ಕೆ ಅಂತ ಸೈಕಲ್ ತುಳಿದೇ ತುಳಿಯುತ್ತೇವೆ. ಬೆಳಿಗ್ಗೆ ನವಿಲುಗಳು ದಾರಿಗೆ ಅಡ್ಡ ಬರುತ್ತವೆ. ನವೆಂಬರ್ ಬಂದರೆ ಕೃಷಿ ಮೇಳ. ರಾಜ್ಯದ ಮೂಲೆ ಮೂಲೆಯಿಂದ ರೈತರು ಬಸ್ಸು ಮಾಡಿಕೊಂಡು ಬರುತ್ತಾರೆ. ಹೊಸ ತಳಿಗಳ ತಾಕು ನೋಡುತ್ತಾರೆ, ಬೀಜ ಕೊಳ್ಳುತ್ತಾರೆ, ಮಳಿಗೆಗಳಲ್ಲಿ ನಮ್ಮನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಆ ವರ್ಷ ನಮ್ಮೂರಿನವರ ಜೊತೆ ಅಪ್ಪಾಜಿಯೂ ಬಂದಿದ್ದರು. ಚನ್ನಗಿರಿ ಕಡೆಯವರು ನಾವು. ಸ್ವಲ್ಪ ಅಡಿಕೆ, ಉಳಿದದ್ದೆಲ್ಲ ಮೆಕ್ಕೆಜೋಳ. ಕಾಲೇಜಿನ ಬ್ಯಾಡ್ಜ್ ಹಾಕಿಕೊಂಡು ನಾನು ಮಳಿಗೆಯಲ್ಲಿ ನಿಂತದ್ದನ್ನು ಅವರು ದೂರದಿಂದ ನೋಡುತ್ತಲೇ ಇದ್ದರು. ಹತ್ತಿರ ಬಂದು, "ಪುಟ್ಟಿ, ಊಟ ಮಾಡಿದ್ಯಾ?" ಅಂತ ಮಾತ್ರ ಕೇಳಿದರು.

ಮೇಳದ ಶಾಮಿಯಾನ ಬಿಚ್ಚಿದ ಮೇಲೆ ಕ್ಯಾಂಪಸ್ಸಿನ ಗಾಳಿಯೇ ಬದಲಾಗುತ್ತದೆ. ಜೆರಾಕ್ಸ್ ಅಂಗಡಿ ಮುಂದೆ ಸಾಲು. ಸೀನಿಯರ್ ಅಕ್ಕಂದಿರ ನೋಟ್ಸಿಗೆ ಹುಡುಕಾಟ. ಹರ್ಬೇರಿಯಂ ಹಾಳೆಗಳನ್ನು ಹಾಸಿಗೆಯ ಕೆಳಗೆ, ಟ್ರಂಕಿನ ಕೆಳಗೆ, ದಪ್ಪ ಪುಸ್ತಕಗಳ ಕೆಳಗೆ ಒತ್ತಿಟ್ಟಿರುತ್ತೇವೆ. ಹಳೇ ಪೇಪರ್ ದಿನಾ ಬದಲಿಸದಿದ್ದರೆ ಗಿಡ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಗರಿಕೆ, ಜೇಕು, ಉತ್ತರಾಣಿ, ಕಾಂಗ್ರೆಸ್ ಗಿಡ, ನೆಲನೆಲ್ಲಿ, ತುಂಬೆ. ಊರಲ್ಲಿ ಅಮ್ಮ ಕಿತ್ತು ಬದುವಿಗೆ ಎಸೆಯುತ್ತಿದ್ದ ಗಿಡಗಳನ್ನೇ ಇಲ್ಲಿ ಬೇರು ಸಮೇತ ಜೋಪಾನ ಮಾಡಿ ಅಂಟಿಸುತ್ತಿದ್ದೆವು. ಹರ್ಬೇರಿಯಂ ಕಷ್ಟದ ಕೆಲಸವೇನಲ್ಲ. ತಾಳ್ಮೆ ಇದ್ದರೆ ಆಗುತ್ತದೆ. ಗಿಡ ನಿಂತಲ್ಲೇ ನಿಂತಿರುತ್ತದೆ.

ಹುಳ ನಿಲ್ಲುವುದಿಲ್ಲ.

ಇನ್ಸೆಕ್ಟ್ ಬಾಕ್ಸ್ ಅಂದರೆ ಗಾಜಿನ ಮುಚ್ಚಳದ ಮರದ ಪೆಟ್ಟಿಗೆ. ತಳಕ್ಕೆ ಥರ್ಮೋಕೋಲ್, ಅದರ ಮೇಲೆ ಬಿಳಿ ಹಾಳೆ. ಮೂಲೆಯಲ್ಲಿ ನ್ಯಾಫ್ತಲೀನ್ ಗುಳಿಗೆ. ಕೀಟಗಳನ್ನು ಅವುಗಳ ಗಣದ ಪ್ರಕಾರ ಸಾಲಾಗಿ ಚುಚ್ಚಿ ನಿಲ್ಲಿಸಬೇಕು. ಮಿಡತೆಗಳದ್ದು ಆರ್ಥೋಪ್ಟೆರಾ, ದುಂಬಿಗಳದ್ದು ಕೋಲಿಯಾಪ್ಟೆರಾ, ಚಿಟ್ಟೆ ಪತಂಗಗಳದ್ದು ಲೆಪಿಡಾಪ್ಟೆರಾ, ತಿಗಣೆಗಳದ್ದು ಹೆಮಿಪ್ಟೆರಾ, ಜೇನು ಕಣಜ ಇರುವೆಗಳದ್ದು ಹೈಮೆನಾಪ್ಟೆರಾ, ನೊಣಗಳದ್ದು ಡಿಪ್ಟೆರಾ. ಸೆಮಿಸ್ಟರ್ ಶುರುವಿನಲ್ಲೇ ನಮ್ಮ ಮೇಡಂ ಹೇಳಿದ್ದರು: "ಇದು ಕೊನೇ ವಾರದ ಕೆಲಸ ಅಲ್ಲ. ಮಳೆ ಇದ್ದಾಗ ಹಿಡಿಯಿರಿ. ಜನವರಿಯಲ್ಲಿ ಬಲೆ ಬೀಸಿದರೆ ಚಳಿಗಾಳಿ ಸಿಗುತ್ತೆ ಅಷ್ಟೇ."

ಬಲೆಯನ್ನು ನಾವೇ ಮಾಡಿಕೊಂಡೆವು. ಗಟ್ಟಿ ತಂತಿಯನ್ನು ಬಳೆಯ ಹಾಗೆ ಬಗ್ಗಿಸಿ, ಕೋಲಿಗೆ ಕಟ್ಟಿ, ಸೊಳ್ಳೆಪರದೆಯ ಬಟ್ಟೆಯನ್ನು ಚೀಲದಂತೆ ಹೊಲಿದೆವು. ಬಾಯಿ ಅಗಲ ಇರುವ ಗಾಜಿನ ಬಾಟಲಿಯಲ್ಲಿ ಹತ್ತಿ ಇಟ್ಟು, ಈಥೈಲ್ ಅಸಿಟೇಟ್ ಹನಿಸಿ, ಮೇಲೆ ರಟ್ಟು ಮುಚ್ಚಿದರೆ ಕಿಲ್ಲಿಂಗ್ ಬಾಟಲ್ ತಯಾರು. ಮೊದಲ ಸಲ ಹಿಡಿದ ಮಿಡತೆಯನ್ನು ಅದರೊಳಗೆ ಬಿಡಲು ನನಗೆ ಕೈ ಬರಲಿಲ್ಲ. ಗೆಳತಿಯೊಬ್ಬಳು ಮುಖ ತಿರುಗಿಸಿಕೊಂಡಳು. ಫೋಟೋ ತೆಗೆದು ಒಪ್ಪಿಸಿದರೆ ಸಾಲದೇ ಅಂತ ನಮ್ಮಲ್ಲೇ ಕೆಲವರು ಕೇಳಿದ್ದೂ ಉಂಟು. ಮೇಡಂ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಬೆಳೆಗೆ ಬರುವ ಕೀಟಗಳನ್ನೇ ಹಿಡಿಯಿರಿ, ದೀಪದ ಕೆಳಗೆ ಸತ್ತು ಬಿದ್ದದ್ದನ್ನು ಎತ್ತಿಕೊಳ್ಳಿ, ಚಂದ ಕಾಣುತ್ತದೆ ಅಂತ ಚಿಟ್ಟೆಗಳ ಹಿಂದೆ ಓಡಬೇಡಿ ಅಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೆಲವು ಚಿಟ್ಟೆಗಳಿಗೂ ರಕ್ಷಣೆ ಇದೆ ಅನ್ನುವುದು ನನಗೆ ಅಂದೇ ಗೊತ್ತಾದದ್ದು. ಒಂದು ಜಾತಿಯದು ಒಂದೇ ಸಾಕು ಅನ್ನುವ ನಿಯಮವನ್ನು ನಾವು ರೂಮಿನವರೆಲ್ಲ ಕೊನೆತನಕ ಇಟ್ಟುಕೊಂಡೆವು.

ಪಿನ್ ಚುಚ್ಚುವುದರಲ್ಲೇ ಒಂದು ವಿದ್ಯೆ ಇದೆ. ದುಂಬಿಯನ್ನು ನಟ್ಟನಡುವೆ ಚುಚ್ಚುವ ಹಾಗಿಲ್ಲ. ಬಲಗಡೆಯ ಗಟ್ಟಿ ರೆಕ್ಕೆಯ ಮೇಲ್ಭಾಗಕ್ಕೆ ಚುಚ್ಚಬೇಕು. ತಿಗಣೆಗಾದರೆ ಬೆನ್ನಿನ ಮೇಲಿನ ಆ ಸಣ್ಣ ತ್ರಿಕೋನಕ್ಕೆ. ಮಿಡತೆಗೆ ಕತ್ತಿನ ಹಿಂದಿನ ಕವಚದ ಬಲಭಾಗಕ್ಕೆ. ಪತಂಗಕ್ಕೆ ಮಾತ್ರ ಎದೆಯ ಮಧ್ಯಕ್ಕೆ. ಯಾಕೆ ಅಂದರೆ, ಕೀಟದ ಎಡ ಬಲ ಎರಡೂ ಒಂದೇ ಥರ ಇರುತ್ತವೆ. ಬಲಗಡೆ ತೂತಾದರೂ ಎಡಗಡೆ ಪೂರ್ತಿ ಉಳಿದಿರುತ್ತದೆ, ಮುಂದೆ ಗುರುತಿಸುವವರಿಗೆ ಅದು ಸಾಕು. ತೀರ ಚಿಕ್ಕವಕ್ಕೆ ಪಿನ್ ಹಾಕಿದರೆ ಒಡೆದೇ ಹೋಗುತ್ತವೆ. ರಟ್ಟನ್ನು ಪುಟ್ಟ ತ್ರಿಕೋನವಾಗಿ ಕತ್ತರಿಸಿ ಅದರ ತುದಿಗೆ ಅಂಟಿಸಬೇಕು. ಪತಂಗದ ರೆಕ್ಕೆಗಳನ್ನು ಸ್ಟ್ರೆಚಿಂಗ್ ಬೋರ್ಡಿನ ಮೇಲೆ ಬಿಡಿಸಿ, ಮುಂದಿನ ರೆಕ್ಕೆಯ ಕೆಳಅಂಚು ಮೈಗೆ ನೇರ ಅಡ್ಡವಾಗುವ ಹಾಗೆ ಕಾಗದದ ಪಟ್ಟಿಯಲ್ಲಿ ಒತ್ತಿ ಒಣಗಿಸಬೇಕು. ಒಣಗಿ ಸೆಟೆದುಕೊಂಡ ಪತಂಗ ಸಿಕ್ಕಿದರೆ ಅದಕ್ಕೂ ದಾರಿ ಇದೆ. ಡಬ್ಬಿಯಲ್ಲಿ ಒದ್ದೆ ಮರಳು ಹಾಕಿ, ಬೂಸ್ಟು ಬರದ ಹಾಗೆ ಎರಡು ಹನಿ ಕಾರ್ಬಾಲಿಕ್ ಆಸಿಡ್ ಬಿಟ್ಟು, ಅದರೊಳಗೆ ಇಟ್ಟು ಮುಚ್ಚಿದರೆ ಒಂದೆರಡು ದಿನದಲ್ಲಿ ಮತ್ತೆ ಮೆತ್ತಗಾಗುತ್ತದೆ.

ಮಳೆ ಇರುವಾಗ ಹಾಸ್ಟೆಲ್ ಟೆರೇಸ್ ಮೇಲೆ ಬಿಳಿ ಬೆಡ್‌ಶೀಟ್ ಕಟ್ಟಿ ಬಲ್ಬು ಹಾಕಿದೆವು. ರಾತ್ರಿ ಹೊರಗೆ ಹೋಗುವ ಹಾಗಿರಲಿಲ್ಲ. ವಾರ್ಡನ್ ಮೇಡಂ ಹತ್ತಿರ ಮಾತಾಡಿ ಟೆರೇಸಿನ ಬೀಗ ತೆಗೆಸಿದ್ದು ನಮ್ಮ ಪಕ್ಕದ ರೂಮಿನ ಅಕ್ಕ. ಅಮಾವಾಸ್ಯೆ ಹತ್ತಿರವಿದ್ದರೆ ಹುಳ ಜಾಸ್ತಿ ಬರುತ್ತವೆ, ಬೆಳದಿಂಗಳಲ್ಲಿ ಕಮ್ಮಿ. ಇದನ್ನು ಪುಸ್ತಕದಲ್ಲೂ ಓದಿದೆವು, ಕಣ್ಣಾರೆಯೂ ನೋಡಿದೆವು. ಗೆದ್ದಲು, ಪತಂಗ, ಸಗಣಿ ದುಂಬಿ, ಹಸಿರು ತಿಗಣೆ ಎಲ್ಲ ಬಂದು ಬೆಡ್‌ಶೀಟಿಗೆ ಅಂಟಿಕೊಂಡವು. ವಾರ್ಡನ್ ಮೇಡಂ ಕೂಡ ಬಂದು ನೋಡಿದರು. ಅವರ ಸೆರಗಿನ ಮೇಲೆ ಒಂದು ಸೂರ್ಯನ ಕುದುರೆ ಕೂತಿತು. ಅದನ್ನು ಹಿಡಿಯಬಾರದು ಅಂತ ಅವರೇ ಮೆಲ್ಲಗೆ ಎತ್ತಿ ಗಿಡಕ್ಕೆ ಬಿಟ್ಟುಬಂದರು.

ನನಗೆ ಈ ಪೆಟ್ಟಿಗೆಯ ಮೇಲೆ ಬೇರೆಯವರಿಗಿಂತ ಜಾಸ್ತಿ ಆಸಕ್ತಿ ಇರಲು ಕಾರಣ 2018. ಆ ವರ್ಷ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ನಮ್ಮ ಮೆಕ್ಕೆಜೋಳ ಮೊಣಕಾಲೆತ್ತರ ಬಂದಿತ್ತು. ಎಲೆಗಳ ಮೇಲೆ ಅಡ್ಡಸಾಲಿನಲ್ಲಿ ತೂತುಗಳು. ಸುಳಿಯೊಳಗೆ ಮರದ ಪುಡಿಯಂಥ ಹಿಕ್ಕೆ. ಎಲೆ ಬಿಡಿಸಿದರೆ ದಪ್ಪ ಹುಳ. ಊರಿನಲ್ಲಿ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ. ಅಂಗಡಿಯವರು ಕೊಟ್ಟ ಔಷಧಿಯನ್ನು ಅಪ್ಪಾಜಿ ಹೊಡೆದರು. ಸಾಲಲಿಲ್ಲ ಅಂತ ಇನ್ನೊಂದು ತಂದು ಹೊಡೆದರು. ಸುಳಿಯೊಳಗೆ ಅವಿತ ಹುಳಕ್ಕೆ ಔಷಧಿ ತಾಗಲೇ ಇಲ್ಲ. ಸಾಲ ಮಾತ್ರ ಬೆಳೆಯಿತು. ಅದು ಅಮೆರಿಕ ಖಂಡದಿಂದ ಆಫ್ರಿಕಾಕ್ಕೆ, ಅಲ್ಲಿಂದ ಈ ಕಡೆಗೆ ಬಂದ ಫಾಲ್ ಆರ್ಮಿವರ್ಮ್ ಅಂತ ಎಷ್ಟೋ ದಿನದ ಮೇಲೆ ಪೇಪರಿನಲ್ಲಿ ಓದಿದೆವು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಪಕ್ಕದಲ್ಲೇ, ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ, 2018ರ ಮೇ ತಿಂಗಳಲ್ಲಿ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು. ನಾನು ಸಿಇಟಿ ಬರೆದು, ಕೃಷಿಕರ ಕೋಟಾದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಸಲಕರಣೆಗಳನ್ನು ಗುರುತಿಸಿ ಈ ಸೀಟು ತೆಗೆದುಕೊಂಡದ್ದರ ಹಿಂದೆ ಆ ವರ್ಷದ ಹೊಲ ಇತ್ತು.

ಹಾಗಾಗಿ ಅದೇ ಪತಂಗ ನನ್ನ ಪೆಟ್ಟಿಗೆಯಲ್ಲಿ ಇರಲೇಬೇಕು ಅಂತ ಹಠ. ದೀಪಕ್ಕೆ ಬಂದವುಗಳ ರೆಕ್ಕೆ ಹರಿದಿರುತ್ತಿತ್ತು, ಮೈಮೇಲಿನ ಪುಡಿ ಉದುರಿ ಗುರುತು ಅಳಿಸಿಹೋಗಿರುತ್ತಿತ್ತು. ನಮ್ಮ ಲ್ಯಾಬಿನಲ್ಲಿ ಸಹಾಯ ಮಾಡುವ ಅಣ್ಣ ಒಬ್ಬರು, "ಹುಳ ತಂದು ಸಾಕವ್ವ, ತಾನೇ ಆಗುತ್ತೆ" ಅಂದರು. ಕ್ಯಾಂಪಸ್ಸಿನ ಮೆಕ್ಕೆಜೋಳದ ತಾಕಿನಲ್ಲಿ ಕೇಳಿಕೊಂಡು ಹುಳ ಆರಿಸಿದೆ. ತಲೆಯ ಮೇಲೆ ತಿರುಗಿಸಿಟ್ಟ ವೈ ಅಕ್ಷರದ ಗೆರೆ. ಹಿಂಭಾಗದ ಹತ್ತಿರ, ಎಂಟನೇ ಖಂಡದ ಮೇಲೆ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಇವೆರಡು ಕಂಡರೆ ಅದೇ. ಒಂದೇ ಡಬ್ಬಿಯಲ್ಲಿ ಹಾಕಿದರೆ ಒಂದನ್ನೊಂದು ತಿನ್ನುತ್ತವೆ. ಅದಕ್ಕೆ ಒಂದೊಂದಕ್ಕೂ ಬೇರೆ ಬೇರೆ ಡಬ್ಬಿ. ಮುಚ್ಚಳಕ್ಕೆ ಸಣ್ಣ ತೂತು. ದಿನಾ ಹೊಸ ಎಲೆ ಹಾಕಿ ಹಿಕ್ಕೆ ಚೊಕ್ಕ ಮಾಡುವುದು. ದೊಡ್ಡದಾದ ಮೇಲೆ ಕೆಳಗೆ ಮಣ್ಣು ಹರಡುವುದು, ಯಾಕೆಂದರೆ ಅದು ಪತಂಗವಾಗುವ ಮೊದಲು ಕೋಶವಾಗುವುದು ಮಣ್ಣಿನೊಳಗೆ.

ಇಷ್ಟರಲ್ಲಿ ಓದುವ ರಜೆ ಶುರುವಾಗಿತ್ತು. ಒಂದು ಕಡೆ ಜೆನೆಟಿಕ್ಸ್ ಲೆಕ್ಕಗಳು, ಮಣ್ಣಿನ ವಿಷಯದ ರೆಕಾರ್ಡಿಗೆ ಸಹಿ ಹಾಕಿಸುವ ಓಡಾಟ, ಸೆಮಿನಾರಿನ ಸ್ಲೈಡುಗಳು. ಇನ್ನೊಂದು ಕಡೆ ಕಿಟಕಿಯ ಮೇಲೆ ಹುಳದ ಡಬ್ಬಿಗಳು. ರೂಮ್‌ಮೇಟ್ ಮೊದಲು ಬೇಡ ಅಂದವಳು, ಆಮೇಲೆ ನಾನು ಲೈಬ್ರರಿಗೆ ಹೋದಾಗ ಅವಳೇ ಎಲೆ ಹಾಕತೊಡಗಿದಳು. ಸಂಜೆ ಮೆಸ್ಸಿನಲ್ಲಿ ಮುದ್ದೆ ನುಂಗುತ್ತಾ ಎದುರಿಗೆ ಕೂತವರಿಗೆ ಪ್ರಶ್ನೆ ಕೇಳುವುದು ನಮ್ಮ ಓದು. "ಜೇನುಹುಳದ ಬಾಯಿ ಯಾವ ಥರ?" "ಚಿಟ್ಟೆಯದು?" "ನೊಣಕ್ಕೆ ರೆಕ್ಕೆ ಎಷ್ಟು ಜೊತೆ?" ಊಟ ಬಡಿಸುವ ಅಮ್ಮ ನಿಂತು ಕೇಳಿಸಿಕೊಳ್ಳುತ್ತಿದ್ದರು. ನೊಣಕ್ಕೆ ಒಂದೇ ಜೊತೆ ರೆಕ್ಕೆ ಅಂತ ಅವರಿಗೂ ಬಾಯಿಪಾಠ ಆಗಿತ್ತು.

ಒಪ್ಪಿಸುವ ದಿನ ಹತ್ತಿರ ಬಂದಾಗ ನಮ್ಮ ರೂಮಿನಲ್ಲಿ ಒಂದು ಅನಾಹುತ ಆಯಿತು. ರೂಮ್‌ಮೇಟ್‌ಳ ಪೆಟ್ಟಿಗೆಯ ಸಂದಿಯಿಂದ ಇರುವೆಗಳು ಒಳಗೆ ಹೋಗಿದ್ದವು. ಬೆಳಿಗ್ಗೆ ನೋಡಿದರೆ ಪಿನ್ನುಗಳು ನೆಟ್ಟಗೆ ನಿಂತಿವೆ, ಮಿಡತೆಗಳ ಹೊಟ್ಟೆ ಇಲ್ಲ, ಪತಂಗಗಳ ರೆಕ್ಕೆ ಕೆಳಗೆ ಉದುರಿವೆ. ದುಂಬಿಗಳು ಮಾತ್ರ ಗಟ್ಟಿ ಚಿಪ್ಪಿನಿಂದ ಹೇಗೋ ಉಳಿದಿದ್ದವು. ಅವಳು ಮಾತೇ ಆಡದೆ ಮಂಚದ ಮೇಲೆ ಕೂತುಬಿಟ್ಟಳು. ಮಳೆಗಾಲದಿಂದ ಕೂಡಿಸಿದ್ದು ಅದು. ನಮ್ಮ ಪೆಟ್ಟಿಗೆಗಳಿಂದ ಒಂದೆರಡು ಕೊಡುತ್ತೇವೆ ಅಂದೆವು. ಅವಳು ಬೇಡ ಅಂದಳು. ಪ್ರತಿ ಪಿನ್ನಿನ ಕೆಳಗೆ ಒಂದು ಚೀಟಿ ಇರುತ್ತದೆ. ಎಲ್ಲಿ ಸಿಕ್ಕಿತು, ಯಾವ ದಿನ, ಯಾವ ಗಿಡದ ಮೇಲೆ, ಹಿಡಿದವರು ಯಾರು. "ನಾನು ಹಿಡಿಯದೇ ನನ್ನ ಹೆಸರು ಹೆಂಗೆ ಬರೀಲಿ?" ಅಂದಳು.

ಅವಳ ಆ ಮಾತು ನನಗೆ ಬಹಳ ಹಿಡಿಸಿತು. ಚೀಟಿ ಇಲ್ಲದ ಹುಳಕ್ಕೆ ಬೆಲೆ ಇಲ್ಲ ಅಂತ ಕ್ಲಾಸಿನಲ್ಲಿ ಹೇಳಿದ್ದರು. ಐವತ್ತು ವರ್ಷದ ಮೇಲೆ ಯಾರೋ ಒಬ್ಬರು ಈ ಹುಳ ಇಲ್ಲಿ ಇತ್ತೇ ಅಂತ ಹುಡುಕಿದರೆ ಅವರಿಗೆ ಸಿಗುವ ಸಾಕ್ಷಿ ಆ ಚೀಟಿಯೇ. ಅದರಲ್ಲಿ ಸುಳ್ಳು ಬರೆದರೆ ಆ ಸುಳ್ಳು ಪಿನ್ನಿನ ಜೊತೆ ಉಳಿದುಕೊಳ್ಳುತ್ತದೆ. ರೆಕಾರ್ಡ್ ಪುಸ್ತಕವನ್ನು ಒಬ್ಬರದ್ದು ನೋಡಿ ಇನ್ನೊಬ್ಬರು ರಾತ್ರೋರಾತ್ರಿ ಬರೆದುಬಿಡಬಹುದು, ಎಲ್ಲ ಕಾಲೇಜಿನಲ್ಲೂ ಅದು ನಡೆಯುತ್ತದೆ. ಸೆಮಿಸ್ಟರ್ ಕೊನೆಯ ಈ ರಾಶಿಯಲ್ಲಿ ಅರ್ಧವನ್ನು ಕಡಿಮೆ ಮಾಡಿದರೂ ಕಲಿಕೆಗೆ ನಷ್ಟವಿಲ್ಲ ಅಂತ ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಅಚ್ಚಾಗಿರುವ ವಿಧಾನವನ್ನೇ ಮತ್ತೆ ಕೈಯಲ್ಲಿ ಬರೆಸುವ ಬದಲು ಆ ಹೊತ್ತನ್ನು ಹೊಲದಲ್ಲಿ ಕಳೆಯಲು ಬಿಡಬೇಕು. ಪೆಟ್ಟಿಗೆಯನ್ನು, ತಾಕನ್ನು ಮಾತ್ರ ತೆಗೆಯಬಾರದು.

ನಾವೆಲ್ಲ ಅವಳ ಜೊತೆ ಹೊರಟೆವು. ಬಲೆ ಅವಳ ಕೈಯಲ್ಲೇ. ನಾವು ಹುಡುಕಿಕೊಡುವವರು ಅಷ್ಟೇ. ಚಳಿಗಾಲದಲ್ಲಿ ಹುಳ ಎಲ್ಲಿರುತ್ತವೆ ಅನ್ನುವುದನ್ನು ಆ ಓಡಾಟದಲ್ಲಿ ಕಲಿತಷ್ಟು ನಾನು ಬೇರೆಲ್ಲೂ ಕಲಿತಿಲ್ಲ. ಗೊಬ್ಬರದ ಗುಂಡಿ ಕೆದಕಿದರೆ ತೆಂಗಿನ ಸುಳಿ ತಿನ್ನುವ ಕೊಂಬಿನ ದುಂಬಿ ಸಿಕ್ಕಿತು. ಕಲ್ಲು ಎತ್ತಿದರೆ ನೆಲದ ದುಂಬಿಗಳು. ಅವರೆಯ ತಾಕಿನಲ್ಲಿ ತಿಗಣೆಗಳು, ಅವರೆಗೆ ಜನವರಿಯೇ ಸುಗ್ಗಿ ಅಲ್ವಾ. ಸಸ್ಯಹೇನು ಕಟ್ಟಿದ ಗಿಡ ಹುಡುಕಿದರೆ ಅದನ್ನು ತಿನ್ನಲು ಬಂದ ಗುಲಗಂಜಿ ಹುಳ ಪಕ್ಕದಲ್ಲೇ ಇರುತ್ತದೆ. ದನದ ಕೊಟ್ಟಿಗೆಯಲ್ಲಿ ನೊಣಗಳು. ಜೇನುಪೆಟ್ಟಿಗೆಗಳ ಮುಂದೆ ತಾವಾಗೇ ಸತ್ತು ಬಿದ್ದ ಕೆಲಸಗಾರ ಜೇನುಗಳು. ನೀರಿನ ತೊಟ್ಟಿಯ ಹತ್ತಿರ ಏರೋಪ್ಲೇನ್ ಚಿಟ್ಟೆ. ಅವಳ ಪೆಟ್ಟಿಗೆ ಮೊದಲಿನಷ್ಟು ತುಂಬಲಿಲ್ಲ. ಪ್ರತಿ ಚೀಟಿಯೂ ನಿಜವಾಗಿತ್ತು.

ನನ್ನ ಪತಂಗ ಹೊರಬಂದದ್ದೂ ಅದೇ ದಿನಗಳಲ್ಲಿ. ಚಳಿಗೆ ಕೋಶ ತಡ ಮಾಡಿತು. ಬೆಳಗಿನ ಜಾವ ಓದಲು ಎದ್ದಾಗ ಡಬ್ಬಿಯ ಗೋಡೆಗೆ ಅಂಟಿ ನಿಂತಿತ್ತು. ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ, ಅಂದರೆ ಗಂಡು. ಹೆಣ್ಣಿಗೆ ಆ ಮಚ್ಚೆ ಅಷ್ಟು ಸ್ಪಷ್ಟ ಇರುವುದಿಲ್ಲ. ನಮ್ಮ ಹೊಲ ತಿಂದ ಹುಳ ಇಷ್ಟು ಚಿಕ್ಕ ಬೂದು ಪತಂಗವಾಗಿ ಕಂಡಾಗ ನನಗೆ ಸಿಟ್ಟು ಬರಲಿಲ್ಲ. ಅದರ ಹೆಸರು, ಗುರುತು, ಹುಟ್ಟು ಎಲ್ಲ ಈಗ ನನಗೆ ಗೊತ್ತು ಅನ್ನುವ ಧೈರ್ಯ ಬಂತು.

ಪ್ರಾಕ್ಟಿಕಲ್ ಪರೀಕ್ಷೆ ದಿನ ಮೊದಲು ಸ್ಪಾಟಿಂಗ್. ಉದ್ದ ಟೇಬಲ್ ಮೇಲೆ ಕೀಟ, ಕೀಟದ ಕಾಲು, ಮೀಸೆ, ಹಾನಿಯಾದ ಎಲೆ ಇಟ್ಟಿರುತ್ತಾರೆ. ಗಂಟೆ ಹೊಡೆದಾಗ ಮುಂದಿನದಕ್ಕೆ ಸರಿಯಬೇಕು. ಹಿಂದಿನದನ್ನು ಯೋಚಿಸುತ್ತಾ ನಿಂತರೆ ಮುಂದಿನದೂ ಹೋಯಿತು. ಆಮೇಲೆ ವೈವಾ. ಸರ್ ಪೆಟ್ಟಿಗೆಯ ಮುಚ್ಚಳ ತೆಗೆದು ಸುಮ್ನೆ ಒಂದು ಸುತ್ತು ನೋಡಿದರು. ಒಂದು ತಿಗಣೆಯ ಪಿನ್ ಎತ್ತಿ ಎಲ್ಲಿ ಸಿಕ್ಕಿತು ಅಂತ ಕೇಳಿದರು. ಆಮೇಲೆ ಆ ಪತಂಗ. "ಇದರ ರೆಕ್ಕೆ ಇಷ್ಟು ಚೆನ್ನಾಗಿ ಹೇಗೆ ಉಳೀತು?" ಸಾಕಿದ್ದು ಅಂದೆ. ಡಬ್ಬಿ ಯಾಕೆ ಬೇರೆ ಬೇರೆ, ಕೋಶ ಎಲ್ಲಿ ಆಗುತ್ತೆ, ಮೊಟ್ಟೆ ಹೇಗಿರುತ್ತೆ, ಯಾವ ಹಂತದಲ್ಲಿ ಔಷಧಿ ಕೆಲಸ ಮಾಡುತ್ತೆ, ಒಂದರ ಹಿಂದೆ ಒಂದು ಕೇಳಿದರು. ಉತ್ತರಕ್ಕೆ ನಾನು ಪುಸ್ತಕ ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಕೊನೆಗೆ ಅವರು ಮೈಸೂರು ಸಂಸ್ಥಾನದ ಕೀಟತಜ್ಞರಾಗಿದ್ದ ಕೋಲ್ಮನ್ ಬಗ್ಗೆ ಕೇಳಿದರು. 1908ರಲ್ಲಿ ಕೆನಡಾದಿಂದ ಇಲ್ಲಿಗೆ ಬಂದ ಲೆಸ್ಲಿ ಕೋಲ್ಮನ್, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದವರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮ ಕಡೆ ಹಬ್ಬಿಸಿದ್ದರಲ್ಲಿ ಅವರ ಕೆಲಸ ದೊಡ್ಡದು. ನಮ್ಮ ತೋಟದಲ್ಲಿ ಇವತ್ತಿಗೂ ಮಳೆಗಾಲಕ್ಕೆ ಮುಂಚೆ ಅದೇ ಮೈಲುತುತ್ತ, ಸುಣ್ಣ ಕಲಸುತ್ತಾರೆ ಅಂದೆ. ಸರ್ ನಕ್ಕು ಸಹಿ ಹಾಕಿದರು.

ಥಿಯರಿ ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರದ್ದೂ ಒಂದೇ ಥರ ಇರುತ್ತದೆ. ಟೀ, ನಿದ್ದೆಗೆಟ್ಟ ಕಣ್ಣು, ಕಾರಿಡಾರಿನಲ್ಲಿ ಕೊನೇ ನಿಮಿಷದ ಓದು. ಜೆನೆಟಿಕ್ಸ್ ನನಗೆ ಕಷ್ಟವಾಯಿತು. ಕೀಟಶಾಸ್ತ್ರದಲ್ಲಿ ಒಳ್ಳೆ ಗ್ರೇಡ್ ಬಂತು. ರೂಮ್‌ಮೇಟ್‌ಗೂ ಬಂತು.

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಕೊಳವೆಬಾವಿ ಇರುವವರು ಬೇಸಿಗೆ ಮೆಕ್ಕೆಜೋಳ ಹಾಕಿದ್ದರು. ಅಪ್ಪಾಜಿ ಪಕ್ಕದ ಹೊಲದ ದೊಡ್ಡಪ್ಪನನ್ನೂ ಕರೆದುಕೊಂಡು ಬಂದರು. ಎಲೆಯ ಮೇಲೆ ಬೂದು ಕೂದಲು ಹೊದ್ದ ಮೊಟ್ಟೆಯ ಗುಂಪು ತೋರಿಸಿದೆ. ಈ ಹಂತದಲ್ಲಿ ಸಿಕ್ಕರೆ ಕೈಯಲ್ಲೇ ಹೊಸಕಿ ಹಾಕಿದರೆ ಆಯಿತು, ಒಂದು ಗುಂಪಿನಲ್ಲಿ ನೂರರ ಮೇಲೆ ಮೊಟ್ಟೆ ಇರಬಹುದು ಅಂದೆ. ಸಣ್ಣ ಹುಳ ಇದ್ದಾಗ 1500 ಪಿಪಿಎಂ ಬೇವಿನ ಔಷಧಿಯನ್ನು ಲೀಟರ್ ನೀರಿಗೆ 5 ಎಂಎಲ್ ಹಾಕಿ, ಸುಳಿಯೊಳಗೆ ಬೀಳುವ ಹಾಗೆ ಹೊಡೆಯಬೇಕು. ಹುಳ ದಪ್ಪವಾಗಿ ಸುಳಿ ಸೇರಿದ ಮೇಲೆ ಏನು ಹೊಡೆದರೂ ದುಡ್ಡು ದಂಡ. ದೊಡ್ಡಪ್ಪ ಎಲೆ ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ಆವತ್ತು ಯಾರೂ ಹೇಳ್ಲಿಲ್ಲ ನೋಡವ್ವ" ಅಂದರು. ಆಮೇಲೆ ಮೂವರೂ ಒಂದೊಂದು ಸಾಲು ಹಿಡಿದು, ಮೊಟ್ಟೆ ಹುಡುಕುತ್ತಾ ಹೊಲದ ಆ ತುದಿಯ ತನಕ ಹೋದೆವು.